ಆಚೆ ದಂಡೆಯಲ್ಲಿ ನಿಂತ ಹಾಡು

ಸೊಸೆ ಹಾಡನ್ನು ಓದಿ ಮುಗಿಸಿದಳು. ಹಾಡುಗಾರ್ತಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು. “ಮುಂದ?” ಅಂದರು.

ಸೊಸೆ ಕರಡು ಹಾಳೆಯನ್ನು ತಿರುವಿ ನೋಡಿದಳು. ಹಿಂದೆ ಖಾಲಿ. “ಇಷ್ಟ ಐತ್ರಿ ಅತ್ತಿ.”

“ಇಷ್ಟ ಅಂದ್ರ ಹ್ಯಾಂಗ? ಅಕಿ ಇನ್ನೂ ಹಳ್ಳದ ದಂಡಿಮ್ಯಾಲ ನಿಂತಾಳಲ್ಲ.”

ಇಬ್ಬರೂ ನನ್ನ ಕಡೆ ನೋಡಿದರು. ಹಾಳೆ ತಂದವಳು ನಾನು.

ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಮ್ಮ ಸಂಗ್ರಹ ನಡೆಯುತ್ತದೆ. ಈ ಭಾಗದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ಕಳೆ ತೆಗೆಯುವಾಗ ಹಾಡಿದ ಹಾಡುಗಳು ಅಲ್ಲಿ ಕ್ಯಾಸೆಟ್ಟುಗಳಲ್ಲಿದ್ದವು. ಈಗ ಕಂಪ್ಯೂಟರಿನಲ್ಲಿವೆ. ಅವುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಯ್ದ ಹಾಡುಗಳ ಪುಸ್ತಕವೊಂದು ಅಚ್ಚಿಗೆ ಹೋಗುವುದಿತ್ತು. ಅದಕ್ಕೆ ಮೊದಲು ಪ್ರತಿ ಹಾಡನ್ನೂ ಹಾಡಿದವರಿಗೇ ಓದಿ ಕೇಳಿಸಿ ಒಪ್ಪಿಗೆ ತರಬೇಕೆಂದು ನಮ್ಮ ಸಂಪಾದಕರು ನಿಯಮ ಮಾಡಿದ್ದರು. ಹಾಗಾಗಿ ನಾನು ನವಲಗುಂದದ ಕಡೆಯ ಈ ಊರಿಗೆ, ಈ ಪಡಸಾಲೆಗೆ ಬಂದು ಕುಳಿತಿದ್ದೆ.

ಹಾಡಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಹಳ್ಳದಾಚೆಯ ಹೊಲದ ಆಳುಗಳಿಗೆ ಬುತ್ತಿ ಒಯ್ಯುತ್ತಾಳೆ. ಮರಳಿ ಬರುವಷ್ಟರಲ್ಲಿ ಹಳ್ಳ ತುಂಬಿ ಬಂದಿರುತ್ತದೆ. ಹೊತ್ತು ಮುಳುಗುತ್ತದೆ. ಈಚೆ ಊರಿನಲ್ಲಿ ದೀಪ ಹತ್ತುತ್ತವೆ. ಅವಳು ಆಚೆ ದಂಡೆಯಲ್ಲಿ ನಿಂತು ಕರೆಯುತ್ತಾಳೆ. ನಮ್ಮ ಕರಡಿನಲ್ಲಿ ಕೊನೆಯ ಸಾಲುಗಳು ಹೀಗಿದ್ದವು:

ಆ ದಂಡಿಗಿ ದೀಪ ಹತ್ಯಾವ, ಈ ದಂಡಿಗಿ
ನಾನೊಬ್ಬಾಕಿ ನಿಂತೇನ, ಕರದಾರ ಯಾರ

“ಕೆಳಗ ನನ್ನ ಹೆಸರ ಹಾಕೀರೇನ್ರಿ?” ಎಂದು ಹಾಡುಗಾರ್ತಿ ಕೇಳಿದರು.

“ಹಾಕೇವ್ರಿ ಅಮ್ಮಾರ.”

“ಹಂಗಾರ ತಗೀರಿ. ಆ ಹುಡುಗಿನ್ನ ಕತ್ತಲ್ಯಾಗ ಬಿಟ್ಟ ಎದ್ದ ಬಂದಾಕಿ ಅಂತ ನನಗ ಹೆಸರ ಬ್ಯಾಡ.”

ಮುಂದಿನ ಸಾಲು ಹೇಳಿದರೆ ಈಗಲೇ ಬರೆದುಕೊಳ್ಳುತ್ತೇನೆ ಎಂದೆ. ಅವರು ಹಾಡಲು ಶುರುಮಾಡಿದರು. ದನಿ ಕೆಳಗಿಳಿದಿತ್ತು, ಆದರೆ ಧಾಟಿ ಎಲ್ಲೂ ಕದಲಲಿಲ್ಲ. ‘ಕರದಾರ ಯಾರ’ ಎನ್ನುವವರೆಗೆ ಬಂದು ನಿಂತರು. ಮತ್ತೆ ಹಿಂದಿನ ಸಾಲಿನಿಂದ ಎತ್ತಿಕೊಂಡರು. ಮತ್ತೆ ಅಲ್ಲೇ ನಿಂತರು.

“ಬರವಲ್ದು. ಹೆಜ್ಜಿ ಅಂತ ಬರತೈತ್ರಿ. ಹೆಜ್ಜಿ ಮೂಡತಾವ. ಅಷ್ಟ ನೆಪ್ಪೈತಿ. ನನ್ನ ಗೆಳತಿ ಇದ್ದಿದ್ರ ಒಂದ ಎಳಿ ಎತ್ತಿ ಕೊಡ್ತಿದ್ಳು.”

ಆ ಗೆಳತಿ ಅವರ ಜೊತೆ ದನಿಗೂಡಿಸಿ ಸೊಲ್ಲು ಹಿಡಿಯುತ್ತಿದ್ದವಳು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

“ನಿಮ್ಮ ಟೇಪಿನ್ಯಾಗ ಇರಬೇಕ ನೋಡ್ರಿ ಅಕ್ಕಾರ. ಅವತ್ತ ಟೇಪ ಮಾಡೂ ಮುಂದ ನಾವು ಪೂರಾ ಹಾಡೇವಿ. ಹುಡುಕ್ರಿ. ಅಕಿನ್ನ ಮನಿ ಮುಟ್ಟಿಸ್ರಿ.”

ಕಚೇರಿಗೆ ಬಂದು ಮೊದಲು ಮಾಡಿದ್ದು ಆ ಟೇಪನ್ನು ಮತ್ತೆ ಕೇಳಿದ್ದು. ‘ಕರದಾರ ಯಾರ’ ಮುಗಿಯುತ್ತಿದ್ದಂತೆ ಯಾರೋ ಉಸಿರೆಳೆದುಕೊಂಡ ಸದ್ದು, ಆಮೇಲೆ ಟಕ್ಕೆಂದು ಟೇಪು ಮುಗಿದ ಸದ್ದು. ಕ್ಯಾಸೆಟ್ಟಿನ ಎರಡನೇ ಮಗ್ಗುಲೂ ಅಲ್ಲಿಗೇ ಮುಗಿದಿತ್ತು. ಆ ಉಸಿರು ಮುಂದಿನ ಸಾಲಿಗಾಗಿ ಎಳೆದದ್ದೋ, ಹಾಡು ಮುಗಿಸಿ ದಣಿವಾರಿಸಿಕೊಂಡದ್ದೋ ಹೇಳುವಂತಿರಲಿಲ್ಲ.

ಸಂಪಾದಕರಿಗೆ ವಿಷಯ ತಿಳಿಸಿದೆ. ಅವರು ಪ್ರಸ್ತಾವನೆಯಲ್ಲಿ ಈ ಹಾಡಿಗೆಂದೇ ಒಂದು ಪುಟ ಬರೆದಿದ್ದರು. ಉತ್ತರವೇ ಬಾರದ ಕರೆಯೊಂದರಲ್ಲಿ ಹಾಡು ಮುಗಿಯುವುದೇ ಅದರ ಶಕ್ತಿ ಎಂಬುದು ಅವರ ವಿವೇಚನೆ. ನನಗೂ ಅದು ಒಪ್ಪಿಗೆಯಾಗಿತ್ತು. ಆ ಪುಟವನ್ನು ಟೈಪು ಮಾಡುವಾಗ ಕೈ ತಡೆದು ಎರಡು ಸಲ ಓದಿದ್ದೆ.

“ಹಾಡಿದವರೆಲ್ಲಾ ಇನ್ನೂ ಅದ ಅಂತನ ಹೇಳ್ತಾರ್ರೀ,” ಎಂದರು ಅವರು. “ವಯಸ್ಸಾದ ಮ್ಯಾಲ ಒಂದು ಹಾಡಿನ ಬಾಲ ಇನ್ನೊಂದಕ್ಕ ಹತ್ತತದ. ಆದ್ರ ಅವರು ಬ್ಯಾಡ ಅಂದ ಮ್ಯಾಲ ನಾವು ಅಚ್ಚು ಹಾಕ್ಲಿಕ್ಕೆ ಬರಂಗಿಲ್ಲ. ಶನಿವಾರ ಹುಬ್ಬಳ್ಳಿಗೆ ಅಚ್ಚಿಗೆ ಕೊಡಬೇಕು. ಅಲ್ಲಿ ತನಕಾ ಹುಡುಕ್ರಿ. ಸಿಗಲಿಲ್ಲಂದ್ರ ಈ ಹಾಡು ಬಿಟ್ಟಬಿಡೋಣು.”

ಬಿಟ್ಟುಬಿಡಲು ನಾನು ಸಿದ್ಧಳಿರಲಿಲ್ಲ. ಪುಸ್ತಕಕ್ಕೆ ಈ ಹಾಡನ್ನು ಆರಿಸಿದವಳೇ ನಾನು.

ನಮ್ಮಲ್ಲಿ ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಎಕ್ಸ್‌ಎಂಎಲ್ ಕಡತವಿದೆ, ಅಂದರೆ ಪ್ರತಿ ಮಾಹಿತಿಗೂ ಗುರುತು ಕಟ್ಟಿದ ಬರಹ. ಮೇಲ್ಭಾಗದಲ್ಲಿ ಊರು, ವರ್ಷ, ಹಾಡಿದವರು, ಧ್ವನಿಮುದ್ರಿಸಿಕೊಂಡವರು. ಕೆಳಗೆ ಹಾಡಿನ ಒಂದೊಂದು ಸಾಲೂ ತನ್ನದೇ ಗುರುತುಗಳ ನಡುವೆ ಕೂತಿರುತ್ತದೆ. ಆ ಸಾಲು ಟೇಪಿನಲ್ಲಿ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದೂ ಗುರುತಿನಲ್ಲೇ ಇರುತ್ತದೆ. ಇಂಥ ಕಡತಗಳು ಸಾವಿರಕ್ಕೂ ಹೆಚ್ಚು. ಒಂದೊಂದನ್ನೇ ತೆರೆದು ನೋಡುವುದು ಆಗದ ಮಾತು. ಸುಮ್ಮನೆ ಪದ ಕೊಟ್ಟು ಹುಡುಕಿದರೆ ಪದ ಸಿಗುತ್ತದೆಯೇ ಹೊರತು ಅದು ಯಾರು ಯಾವ ಊರಲ್ಲಿ ಹಾಡಿದ ಯಾವ ಹಾಡಿನ ಸಾಲು ಎಂಬುದು ಸಿಗುವುದಿಲ್ಲ. ಅದಕ್ಕೆ ಸ್ಟೈಲ್‌ಶೀಟ್ ಬರೆಯಬೇಕು. ಒಂದು ಎಕ್ಸ್‌ಎಂಎಲ್ ಕಡತವನ್ನು ಹೇಗೆ ಓದಬೇಕು, ಅದರಿಂದ ಏನು ಎತ್ತಿಕೊಳ್ಳಬೇಕು, ಅದನ್ನು ಯಾವ ರೂಪದಲ್ಲಿ ಹೊರಗಿಡಬೇಕು ಎಂದು ಹೇಳುವ ಸೂಚನೆಗಳವು. ಎಲ್ಲ ಕಡತಗಳ ಹೆಸರಿರುವ ಒಂದು ಸೂಚಿಯನ್ನು ಮೊದಲು ಮಾಡಿಕೊಂಡೆ. ಸ್ಟೈಲ್‌ಶೀಟು ಆ ಸೂಚಿಯನ್ನು ಓದುತ್ತಾ ಒಂದೊಂದೇ ಕಡತವನ್ನು ತಾನೇ ತೆರೆದು, ‘ಹೆಜ್ಜಿ’ ಇರುವ ಸಾಲನ್ನು ಊರು ಮತ್ತು ಹಾಡುಗಾರ್ತಿಯ ಹೆಸರಿನೊಂದಿಗೆ ಕೋಷ್ಟಕದಲ್ಲಿ ತಂದಿಡುವಂತೆ ಬರೆದೆ.

ಓಡಿಸಿದೆ. ಬೆರಳೆಣಿಕೆಯ ಸಾಲುಗಳು ಬಂದವು. ಹೆಣ್ಣುಮಕ್ಕಳ ಹಾಡುಗಳಲ್ಲಿ ಹೆಜ್ಜೆಗೆ ಕೊರತೆಯಿಲ್ಲ, ಇಷ್ಟು ಕಡಿಮೆ ಹೇಗೆ?

ಕಾರಣ ಬೇಗ ಹೊಳೆಯಿತು. ಬರೆದುಕೊಂಡವರು ಒಬ್ಬರಲ್ಲ. ಕೆಲವರು ಕಿವಿಗೆ ಬಿದ್ದಂತೆ ‘ಹೆಜ್ಜಿ’ ಎಂದು ಬರೆದಿದ್ದರು. ಕೆಲವರು ಶಾಲೆಯಲ್ಲಿ ಕಲಿತ ಕನ್ನಡಕ್ಕೆ ತಿದ್ದಿ ‘ಹೆಜ್ಜೆ’ ಎಂದು ಬರೆದಿದ್ದರು. ಒಂದೇ ಬಾಯಿಂದ ಬಂದ ‘ಮನಿ’ ಒಂದು ಕಡತದಲ್ಲಿ ಮನಿ, ಇನ್ನೊಂದರಲ್ಲಿ ಮನೆ. ಹಾಡಿದವರಿಗೆ ಈ ಭೇದ ಗೊತ್ತೇ ಇಲ್ಲ. ಯಂತ್ರಕ್ಕೋ ಅವೆರಡೂ ಬೇರೆ ಬೇರೆ ಪದ. ಕಡತಗಳನ್ನೇ ತಿದ್ದಲು ಮನಸ್ಸು ಬರಲಿಲ್ಲ. ಬರೆದವರ ಕಿವಿ ಹೇಗಿತ್ತೆಂಬುದಕ್ಕೂ ಅವೇ ಸಾಕ್ಷಿ. ಹೋಲಿಸುವ ಹೊತ್ತಿಗೆ ಮಾತ್ರ ಎತ್ವವನ್ನೆಲ್ಲ ಗುಡಿಸಾಗಿ ಬದಲಿಸಿ ನೋಡುವಂತೆ ಸ್ಟೈಲ್‌ಶೀಟಿಗೆ ಹೇಳಿದೆ. ಹೆಜ್ಜೆ, ಹೆಜ್ಜಿ ಎರಡೂ ಅದರ ಕಣ್ಣಿಗೆ ‘ಹಿಜ್ಜಿ’ ಆಗಿ ಒಂದೇ ಆದವು. ಹಳೆಯ ಫಾಂಟಿನಿಂದ ಬದಲಾಯಿಸಿದ ಕಡತಗಳಲ್ಲಿ ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಗುರುತುಗಳು ಉಳಿದಿದ್ದವು. ಅವನ್ನೂ ಅದೇ ಹೊತ್ತಿಗೆ ಉದುರಿಸಿದೆ.

ಈ ಸಲ ಹೆಜ್ಜೆಗಳ ಜಾತ್ರೆಯೇ ಬಂತು. ಗೆಜ್ಜೆಗೆ ಪ್ರಾಸವಾಗಿ ಬಂದ ಹೆಜ್ಜೆ, ತೊಟ್ಟಿಲ ಕೂಸಿನ ಮೊದಲ ಹೆಜ್ಜೆ, ಎತ್ತಿನ ಹೆಜ್ಜೆ, ಮದುಮಗಳು ಹೊಸಿಲು ದಾಟಿದ ಹೆಜ್ಜೆ. ಎಲ್ಲವನ್ನೂ ಓದಿದೆ. ಹಳ್ಳದ ದಂಡೆಯ ಹೆಜ್ಜೆ ಇರಲಿಲ್ಲ.

ಮರುದಿನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕೆಲವು ಕಡತಗಳು ತೆರೆದುಕೊಂಡೇ ಇರಲಿಲ್ಲ. ಯಾರೋ ‘ಮತ್ತು’ ಎಂದು ಬರೆಯುವ ಬದಲು ಗಂಟಿನಂಥ ಇಂಗ್ಲಿಷ್ ‘&’ ಚಿಹ್ನೆ ಹಾಕಿದ್ದರು. ಅದೊಂದೇ ಇದ್ದರೆ ಎಕ್ಸ್‌ಎಂಎಲ್ ಕಡತ ಕೆಟ್ಟಂತೆ. ಯಂತ್ರ ಅದನ್ನು ಬದಿಗಿಟ್ಟು, ಒಂದು ಮೂಲೆಯಲ್ಲಿ ದೂರು ಬರೆದು ಮುಂದೆ ಹೋಗಿತ್ತು. ಆ ದೂರನ್ನು ನಾನು ಓದಿರಲಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ಅವನ್ನೆಲ್ಲ ಸರಿಪಡಿಸಿ ದೊಡ್ಡ ಆಸೆಯಿಂದ ಮತ್ತೆ ಓಡಿಸಿದೆ. ಇನ್ನಷ್ಟು ಗೆಜ್ಜೆ, ಇನ್ನಷ್ಟು ಹೆಜ್ಜೆ. ನಮ್ಮ ಹುಡುಗಿಯದು ಮಾತ್ರ ಇಲ್ಲ.

ಹಾಡುಗಾರ್ತಿಗೆ ಫೋನು ಮಾಡಿದೆ. ಸೊಸೆ ಎತ್ತಿ ಅವರ ಕೈಗೆ ಕೊಟ್ಟಳು.

“ಸಿಕ್ಳೇನ್ರಿ ಅಕ್ಕಾರ?” ಎಂದರು. ಸಾಲು ಸಿಕ್ಕಿತೇ ಎಂದಲ್ಲ, ಸಿಕ್ಕಳೇ ಎಂದು.

“ಇಲ್ರಿ ಅಮ್ಮಾರ. ಅವತ್ತಿಂದು ಬ್ಯಾರೆ ಏನರ ನೆನಪ ಐತೇನ್ರಿ ನಿಮಗ? ಎಷ್ಟ ಸಣ್ಣದಿದ್ರೂ ಹೇಳ್ರಿ.”

“ನಾನೂ ನನ್ನ ಗೆಳತೀನೂ ಜಗಳಾಡಿದ್ವ್ರಿ. ಟೇಪ ಹಿಡಕೊಂಡ ಬಂದಿದ್ನಲ್ಲ, ಬಾಳ ಛಲೋ ಹುಡುಗ ಅಂವ, ಬಾಯಿಗಿ ಕೈ ಇಟಕೊಂಡ ನಗಾಕತ್ತಿದ್ದ.”

“ಯಾತಕ್ಕ ಜಗಳಾ?”

“ಅದ ನೆಪ್ಪಿಲ್ಲ. ಜಗಳಾ ಅಂತೂ ಖರೇ.”

ಟೇಪು ಹಿಡಿದು ಬಂದ ಆ ಸಂಶೋಧಕ ಈ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನು ಈಗ ಎಲ್ಲಿದ್ದಾನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನ ಟೇಪುಗಳನ್ನು ಕೇಳಿ ಬರೆದ ಸಹೋದ್ಯೋಗಿ ನನ್ನ ಎದುರಿನ ಮೇಜಿನಲ್ಲೇ ಕೂಡುತ್ತಾಳೆ. ಹಾಡಿನ ನಡುವೆ ಜಗಳವೇನಾದರೂ ಕೇಳಿದ ನೆನಪಿದೆಯೇ ಎಂದು ಅವಳನ್ನು ವಿಚಾರಿಸಿದೆ.

“ಜಗಳಾ ಎಷ್ಟು ಬೇಕು ಹೇಳ್ರಿ,” ಎಂದು ನಕ್ಕಳು. “ಚಾ ಬಂತು ಅಂತಾರ, ಕೂಸಿಗಿ ಬೈತಾರ, ಸಾಲು ತಪ್ಪೀತು ಅಂತ ಒಬ್ಬರಿಗೊಬ್ಬರು ಜಗಳಾ ಮಾಡ್ತಾರ. ಅದನ್ನೆಲ್ಲಾ ಬರದಿಲ್ರಿ. ಹಾಡು ಅಷ್ಟ ಬರೀರಿ, ಮಾತು ಬಿಡ್ರಿ ಅಂತ ಮೊದಲಿಂದ ಪದ್ಧತಿ ಅದ ಅಲ್ಲ.”

ಊಟದ ಡಬ್ಬಿ ತೆರೆದುಕೊಂಡು ಕೂತರೂ ಆ ಮಾತೇ ತಲೆಯಲ್ಲಿ. ಕೊನೆಯ ಸಾಲು ಜಗಳದ ನಡುವೆ ಬಂದಿದ್ದರೆ ಅದು ಯಾವ ಕಡತದಲ್ಲೂ ಅಕ್ಷರವಾಗಿ ಇರುವುದಿಲ್ಲ. ನಾನು ಮೂರು ದಿನದಿಂದ ಪದ ಹುಡುಕುತ್ತಿದ್ದೆ. ಬರೆಯದೇ ಬಿಟ್ಟದ್ದನ್ನು ಪದ ಕೊಟ್ಟು ಹುಡುಕುವುದು ಹೇಗೆ?

ಬರೆಯದೇ ಬಿಟ್ಟದ್ದಕ್ಕೂ ಕಡತದಲ್ಲಿ ಜಾಗವಿತ್ತು. ಪ್ರತಿ ಸಾಲಿಗೂ ಶುರುವಿನ ಹೊತ್ತು, ಮುಗಿದ ಹೊತ್ತು ಇತ್ತಲ್ಲ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಬಹಳ ಹೊತ್ತು ಖಾಲಿ ಇದ್ದರೆ, ಟೇಪು ಅಲ್ಲಿ ಸುಮ್ಮನಿಲ್ಲ. ಯಾರೋ ಮಾತಾಡುತ್ತಿದ್ದಾರೆ. ನಾವು ಬರೆದುಕೊಂಡಿಲ್ಲ, ಅಷ್ಟೇ.

‘ಹೆಜ್ಜಿ’ಯನ್ನು ಅಲ್ಲಿಗೇ ಕೈಬಿಟ್ಟೆ. ಶನಿವಾರ ಹತ್ತಿರ ಬಂದಿತ್ತು. ಹಿಡಿದ ಒಂದೇ ಎಳೆಯನ್ನು ಬಿಟ್ಟುಕೊಡಲು ಧೈರ್ಯ ಬೇಕಾಯಿತು. ಹೊಸ ಸ್ಟೈಲ್‌ಶೀಟ್ ಬರೆದೆ. ಅದೇ ಸೂಚಿ, ಅವೇ ಕಡತಗಳು. ಆದರೆ ಇದು ಪದಗಳ ಕಡೆ ನೋಡುವುದಿಲ್ಲ. ಮುಂದಿನ ಸಾಲು ಶುರುವಾದ ಹೊತ್ತಿನಿಂದ ಹಿಂದಿನ ಸಾಲು ಮುಗಿದ ಹೊತ್ತನ್ನು ಕಳೆಯುತ್ತದೆ. ನಡುವಿನ ಖಾಲಿ ಒಂದು ನಿಮಿಷಕ್ಕಿಂತ ದೊಡ್ಡದಿದ್ದರೆ ಎತ್ತಿಡುತ್ತದೆ.

ಬಂದ ಪಟ್ಟಿ ಉದ್ದವಾಗಿತ್ತು. ಇಷ್ಟು ವರ್ಷ ನಾವು ಕೇಳಿಯೂ ಕೇಳದಂತೆ ಬಿಟ್ಟ ಮಾತೆಲ್ಲ ಅಲ್ಲಿತ್ತು. ಅದನ್ನೆಲ್ಲ ಕೂತು ಕೇಳಲು ವರ್ಷವೇ ಬೇಕು. ಮತ್ತೆ ಯೋಚಿಸಿದೆ. ನಮ್ಮ ಹಾಡು ನಿಂತದ್ದು ಟೇಪು ಮುಗಿದು. ಸಂಶೋಧಕ ಹೊಸ ಕ್ಯಾಸೆಟ್ಟು ಹಾಕಿರುತ್ತಾನೆ. ಅಷ್ಟರಲ್ಲಿ ಇಬ್ಬರ ಜಗಳ ಹತ್ತಿರುತ್ತದೆ. ಹಾಗಾದರೆ ಆ ಇನ್ನೊಂದು ಕ್ಯಾಸೆಟ್ಟು ಶುರುವಾಗುವುದೇ ಮಾತಿನಿಂದ. ಅದರ ಕಡತದಲ್ಲಿ ಮೊದಲ ಸಾಲೇ ತಡವಾಗಿ ಬರಬೇಕು.

ಮುಂದಿನ ಸಂಖ್ಯೆಯ ಕ್ಯಾಸೆಟ್ಟನ್ನು ತೆಗೆದು ನೋಡಿದರೆ ಆಗುತ್ತಿರಲಿಲ್ಲವೇ ಎನ್ನಬಹುದು. ನಮ್ಮಲ್ಲಿ ಸಂಖ್ಯೆ ಹಾಕಿದ್ದು ಊರಿನ ಹೆಸರಿನ ಅಕಾರಾದಿಯಲ್ಲಿ. ಯಾವುದರ ಹಿಂದೆ ಯಾವುದನ್ನು ಮುದ್ರಿಸಿದ್ದು ಎಂಬುದು ಆಗಲೇ ಕಳೆದುಹೋಗಿತ್ತು. ಅದಕ್ಕೇ ಎಲ್ಲ ಕಡತಗಳನ್ನೂ ಒಟ್ಟಿಗೆ ಪ್ರಶ್ನಿಸಬೇಕಾಯಿತು: ಆ ಸಂಶೋಧಕ ಮುದ್ರಿಸಿದ್ದು, ಅದೇ ವರ್ಷದ್ದು, ಮೊದಲ ಸಾಲು ತಡವಾಗಿ ಶುರುವಾಗುವಂಥದ್ದು ಯಾವುವು? ಈಗ ಪಟ್ಟಿ ಅರ್ಧ ಪುಟಕ್ಕಿಳಿಯಿತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲನೆಯದರಲ್ಲಿ ಸಂಶೋಧಕನೇ ಊರಿನ ಪರಿಚಯ ಹೇಳುತ್ತಿದ್ದ. ಎರಡನೆಯದರಲ್ಲಿ ಬರೀ ಬೀಸುಕಲ್ಲಿನ ಸದ್ದು, ಬಹಳ ಹೊತ್ತು. ಅದನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ಮುಂದಿನದು ಗದಗ ಕಡೆಯ ಒಂದು ಊರಿನ ಹೆಸರಿನಲ್ಲಿದ್ದ ಕಡತ. ಗುಂಡಿ ಒತ್ತಿದ ಕೂಡಲೇ ಒಬ್ಬ ಹೆಂಗಸಿನ ದನಿ, ಮಾತಿನ ನಡುವಿನಿಂದಲೇ:

“...ಹಂಗಲ್ಲವ್ವಾ, ಅಕಿ ಅತ್ತಿ ಮನಿಗಿ ಯಾಕ ಬರತಾಳ? ಕರಿಯಾಕ ಒಬ್ಬರರ ದಂಡಿಗಿ ಬಂದ್ರೇನು?”

ಇನ್ನೊಂದು ದನಿ ನನಗೆ ಪರಿಚಯದ್ದೇ, ನಮ್ಮ ಹಾಡುಗಾರ್ತಿಯದು, ಆದರೆ ಬಹಳ ಎಳೆಯದು. “ಗಂಡ ಅದಾನಲ್ಲ ಮನ್ಯಾಗ.”

“ಗಂಡ ಇದ್ದಂವ ಕಂದೀಲ ಹಿಡಕೊಂಡ ಬರಬೇಕಿತ್ತು.”

ಹಿಂದೆ ಒಬ್ಬ ಯುವಕ ನಗು ತಡೆದುಕೊಳ್ಳುತ್ತಿದ್ದ. ‘ನೀ ನಿಂದ ಹಾಡು, ನಾ ನಂದ ಹಾಡ್ತೇನಿ’ ಎಂದು ಒಪ್ಪಂದವಾಯಿತು. ಮೊದಲು ಗೆಳತಿ ಹಾಡಿದಳು:

ಬೆಳಗಾಗಿ ಹಳ್ಳ ಇಳದೈತಿ, ಹಡದವ್ವನ
ಊರ ಹಾದ್ಯಾಗ ಹೆಜ್ಜಿ ಮೂಡ್ಯಾವ

ಅವಳು ಮುಗಿಸುವುದನ್ನೇ ಕಾಯುತ್ತಿದ್ದಂತೆ ಇವರು ಎತ್ತಿದರು:

ಬೆಳಗಾಗಿ ಹಳ್ಳ ಇಳದೈತಿ, ಅತ್ತೀಯ
ಮನಿಮುಂದ ಹಸಿ ಹೆಜ್ಜಿ ಮೂಡ್ಯಾವ

ಆಮೇಲೆ ಯಾರೋ ಚಹಾ ತಂದರು. ಬಟ್ಟಲಿನ ಸದ್ದು. ಟೇಪು ನಿಂತಿತು. ಮತ್ತೆ ಶುರುವಾದಾಗ ಬೇರೆ ಊರು, ಬೇರೆ ಹೆಂಗಸರು, ಬೇರೆ ಹಾಡು. ಸಂಶೋಧಕ ಉಳಿದ ಟೇಪನ್ನು ಮುಂದಿನ ಊರಿನಲ್ಲಿ ಬಳಸಿದ್ದ, ಕ್ಯಾಸೆಟ್ಟಿನ ಮೇಲೆ ಆ ಊರಿನ ಹೆಸರನ್ನಷ್ಟೇ ಬರೆದಿದ್ದ. ಕೇಳಿ ಬರೆದ ಸಹೋದ್ಯೋಗಿ ಜಗಳದ ಜೊತೆ ಈ ಸಾಲುಗಳನ್ನೂ ಮಾತೆಂದು ಬಿಟ್ಟಿದ್ದಳು.

ನಾನು ಎದ್ದು ಹೋಗಿ ಸಂಪಾದಕರನ್ನು ಕರೆದುಕೊಂಡು ಬಂದೆ. ಅವರು ನನ್ನ ಕುರ್ಚಿಯಲ್ಲಿ ಕೂತು ಕೇಳಿದರು. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ನಂದು ಒಂದು ಪುಟಾ ಹೋತಲ್ರೀ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಉತ್ತರ ಬರದ ಕರೆ ಅಂತ ಬರದೀನಿ. ಉತ್ತರಾ ಎರಡೆರಡು ಬಂದಾವ.” ಅಚ್ಚಿನವರಿಗೆ ತಾವೇ ಫೋನು ಮಾಡಿ ಮುಂದಿನ ವಾರದವರೆಗೆ ಸಮಯ ಕೇಳಿದರು. ಆಮೇಲೆ, “ಯಾವುದು ಹಾಕಬೇಕು ಅನ್ನೋದು ನಾವು ಹೇಳೋ ಮಾತಲ್ಲ. ನಡೀರಿ, ಅವರನ್ನ ಕೇಳೋಣು,” ಎಂದರು.

ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ದನಿ ಏರಿಸಿದೆ. ಹಾಡುಗಾರ್ತಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಸೊಸೆ. ಗೆಳತಿಯ ದನಿ ಬರುತ್ತಿದ್ದಂತೆ ಅವರು ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿ ಲ್ಯಾಪ್‌ಟಾಪಿನ ಕಡೆ ತಿರುಗಿ, “ಏನರ ಅನ್ನು ನೀ, ಅಕಿ ಮನಿಗಿ ಬಂದಾಳ,” ಎಂದರು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಯಾವುದು ಹಾಕೋಣ್ರೀ ಅಮ್ಮಾರ?” ಸಂಪಾದಕರು ಕೇಳಿದರು.

“ಇನ್ನೊಮ್ಮಿ ಹಚ್ಚರಿ.”

ಹಚ್ಚಿದೆ. ಈ ಸಲ ಅವರು ಕಂದೀಲಿನ ಮಾತು ಬಂದಾಗ ಕಣ್ಣು ಮುಚ್ಚಿದರು. ಮುಗಿದ ಮೇಲೂ ತೆರೆಯಲಿಲ್ಲ.

“ಖರೇ ಐತ್ರಿ,” ಎಂದರು ಆಮೇಲೆ. “ಕಂದೀಲ ಹಿಡಕೊಂಡ ಒಬ್ಬರೂ ಬರಲಿಲ್ಲಲ್ಲ. ಆಗ ನನಗ ಅದ ತಿಳೀಲಿಲ್ಲ. ನನ್ನ ಗೆಳತಿಗಿ ತಿಳದಿತ್ತು.”

“ಹಂಗಾರ ನಿಮ್ಮ ಸಾಲು ಬಿಡೂದೇನ್ರಿ ಅತ್ತಿ?” ಸೊಸೆ ಕೇಳಿದಳು.

“ಯಾಕ ಬಿಡೂದು? ತವರಿಗಿ ಹೋಗ್ಯಾಳ. ಅವ್ವನ ಹಂತ್ಯಾಕ ನಾಕ ದಿನ ಇದ್ದಾಳ. ಮತ್ತ ಹಳ್ಳಾ ದಾಟಿ ಬಂದಾಳ, ತಾನ ಮನಸ ಮಾಡಿ.” ಸಂಪಾದಕರ ಕಡೆ ನೋಡಿದರು. “ಮೊದಲ ಗೆಳತೀದ ಹಾಕ್ರಿ ಸಾಹೇಬರ. ಹಿಂದಿಂದ ನಂದ.”

ಹಾಗೆ ಸೇರಿಸಿ ಹಾಡಿದರೆ ಹೇಗಿರುತ್ತದೆಂದು ನೋಡಬೇಕೆನಿಸಿರಬೇಕು. ಯಾರೂ ಕೇಳದೆಯೇ ಅವರು ದೀಪ ಹತ್ತಿದ ಸಾಲಿನಿಂದ ಎತ್ತಿದರು. ‘ಕರದಾರ ಯಾರ’ ದಾಟಿದರು. ‘ಬೆಳಗಾಗಿ ಹಳ್ಳ ಇಳದೈತಿ’ ಎಂದು ಗೆಳತಿಯ ಸಾಲಿಗೆ ಬಂದಾಗ ದನಿ ಸ್ವಲ್ಪ ನಡುಗಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಸೊಸೆ, ತಲೆ ತಗ್ಗಿಸಿಕೊಂಡೇ, ಸಣ್ಣ ದನಿಯಲ್ಲಿ ಸೊಲ್ಲು ಹಿಡಿದಳು. ಹಾಡುಗಾರ್ತಿ ಒಮ್ಮೆ ಕಣ್ಣು ತೆರೆದು ಅವಳನ್ನು ನೋಡಿದರು. ಹಾಡು ನಿಲ್ಲಿಸಲಿಲ್ಲ.